ಅಣ್ಣನ ಗಣಕಶಾಸ್ತ್ರ

(ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳಿಂದ)

ನಮ್ಮ ಊರಿನಲ್ಲಿ ‘ಐ.ಟಿ.’ ಎಂಬ ಎರಡಕ್ಷರಕ್ಕಿರುವ ಮಹಿಮೆ ಅಷ್ಟಿಷ್ಟಲ್ಲ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬೆಂಗಳೂರಿನ ಗಾಜಿನ ಕಟ್ಟಡದೊಳಕ್ಕೆ ಹೋಗುವವರೆಲ್ಲರೂ ಲಕ್ಷಾಧೀಶರೇ ಎಂಬುದು ನಮ್ಮವರ ದೃಢವಾದ ನಂಬಿಕೆ. ನಮ್ಮ ಅಣ್ಣನೂ ಹಾಗೆ ಹೋಗುವವನೇ. ಆದುದರಿಂದ ಹಬ್ಬಕ್ಕೆಂದು ಅವನು ಊರಿಗೆ ಬಂದಾಗ ಹೆಣ್ಣಿನ ಜಾತಕ ಹಿಡಿದು ಬರುವವರಿಗೆ ಕೊರತೆಯಿಲ್ಲ. ಸಂಬಳವೆಷ್ಟೆಂದು ಕೇಳಿ, ಕೊಟ್ಟ ಕಾಫಿ ಕುಡಿದು, ಜಾತಕವನ್ನು ಮತ್ತೆ ಚೀಲಕ್ಕೆ ಸೇರಿಸಿಕೊಂಡು ಹೋಗುವವರಿಗೂ ಕೊರತೆಯಿಲ್ಲ!

ನಿಜವಾಗಿ ಅಣ್ಣನ ಉದ್ಯೋಗ ‘ಐ.ಟಿ. ಸಪೋರ್ಟ್’. ಇತರರು ಕೂತು ಕೆಲಸ ಮಾಡುವ ಕಂಪ್ಯೂಟರುಗಳು ಕೈಕೊಟ್ಟಾಗ ಓಡಿಹೋಗಿ ಸರಿಪಡಿಸುವುದು. ಮರೆತ ಪಾಸ್‌ವರ್ಡ್, ಮುದ್ರಿಸದ ಪ್ರಿಂಟರ್, ಉಸಿರುಗಟ್ಟಿದ ಫ್ಯಾನು ಇವೇ ಅವನ ದಿನಚರಿ. ಪಾಳಿ ಬಂದರೆ ರಾತ್ರಿಚರಿ. ಅವನು ಐ.ಟಿ.ಐ. ಮುಗಿಸಿ, ಪೇಟೆಯ ರಿಪೇರಿ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ಬೆಸುಗೆಯ ಹೊಗೆ ಕುಡಿದು ಈ ವಿದ್ಯೆ ಕಲಿತವನು. ಪದವಿಯಿಲ್ಲ. ನಮ್ಮ ಮನೆತನದಲ್ಲಿ ಪದವಿಯ ಕೊನೆಯ ಪರೀಕ್ಷೆಗೆ ಕೂರುತ್ತಿರುವವಳು ನಾನೇ ಮೊದಲು. ಹಾಗೆ ಕೂರಲು ಸಾಧ್ಯವಾದದ್ದು ಅವನ ಸಂಬಳ ಮತ್ತು ಅಪ್ಪ ಡೇರಿಗೆ ಹಾಕುವ ಹಾಲು, ಇವೆರಡರಿಂದ.

ಇತಿಹಾಸ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ನಾನು ಗಣಕಯಂತ್ರದ ಬಗ್ಗೆ ಬರೆಯುವುದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ನನಗೂ ಮೊದಲು ಹಾಗೆಯೇ ತೋರಿತ್ತು. ಆದರೆ ಕಳೆದ ದೀಪಾವಳಿಯಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ನಡೆದ ಒಂದು ಪ್ರಸಂಗ ನನ್ನ ಅಭಿಪ್ರಾಯವನ್ನು ಬದಲಿಸಿತು. ಅದನ್ನೇ ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ನನ್ನ ಬಳಿ ಇದ್ದದ್ದು ಸುಮಾರು ೨೦೧೬ರಲ್ಲಿ ತಯಾರಾದ, ಯಾವುದೋ ಕಚೇರಿಯಿಂದ ಹರಾಜಿಗೆ ಬಂದ ಲ್ಯಾಪ್‌ಟಾಪು. ಗುಂಡಿ ಒತ್ತಿ, ಒಲೆಗೆ ಹಾಲಿಟ್ಟು, ಅದು ಉಕ್ಕಿದ ಮೇಲೆ ಬಂದು ನೋಡಿದರೂ ಅದಿನ್ನೂ ಎಚ್ಚರಗೊಳ್ಳುತ್ತಲೇ ಇರುತ್ತಿತ್ತು. ಸಾಲದುದಕ್ಕೆ ವಿಂಡೋಸ್ ೧೦ಕ್ಕೆ ನೀಡುತ್ತಿದ್ದ ಉಚಿತ ಪರಿಷ್ಕರಣೆಗಳು ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿದವು. ವಿಂಡೋಸ್ ೧೧ ಹಾಕೋಣವೆಂದರೆ ‘ಈ ಯಂತ್ರ ಅದಕ್ಕೆ ಅರ್ಹವಲ್ಲ’ ಎಂಬ ಉತ್ತರ ಪರದೆಯ ಮೇಲೆ ಬಂತು. ಮುಂದೆ ಎಂ.ಎ.ಗೆ ಹೋಗಬೇಕೆಂದಿರುವ ನಾನು ಹೊಸದೊಂದು ಬೇಕೆಂದು ಹಟ ಹಿಡಿದೆ. ಪೇಟೆಯಲ್ಲಿ ವಿಚಾರಿಸಿದರೆ ನಲವತ್ತೆರಡು ಸಾವಿರ ಹೇಳಿದರು. ಅಪ್ಪ ಏನೂ ಮಾತಾಡದೆ ಕೊಟ್ಟಿಗೆಯ ಕಡೆ ನೋಡಿದರು. ಅಲ್ಲಿ ಗಬ್ಬದ ಹಸುವೊಂದಿತ್ತು. ಮರುದಿನ ದಲ್ಲಾಳಿ ಬಂದು ಅದರ ಹಲ್ಲು ನೋಡಿಕೊಂಡೂ ಹೋದ.

ಅಣ್ಣ ಬಂದವನು ವಿಷಯ ಕೇಳಿ, “ಮೊದಲು ಮುಚ್ಚಳ ತೆಗೆ ಕಣೇ, ಆಮೇಲೆ ಹಸು ಮಾರು” ಎಂದ. ಈ ಒಂದು ವಾಕ್ಯವೇ ಅವನ ಗಣಕಶಾಸ್ತ್ರದ ಮೂಲಸೂತ್ರ.

ಯಂತ್ರವನ್ನು ಕುರಿತು ಅವನ ಅಭಿಪ್ರಾಯ ಮೊದಲನೆಯದು. ಸ್ಕ್ರೂಗಳನ್ನು ಬಿಚ್ಚಿ ಅಮ್ಮನ ಮೊರದಲ್ಲಿ ಜೋಡಿಸಿಟ್ಟು ಅವನು ನನಗೆ ಒಳಗಿನ ಸಂಸಾರವನ್ನು ತೋರಿಸಿದ. ಕಂಪ್ಯೂಟರೆಂದರೆ ಒಂದು ಮದುವೆಮನೆಯ ಅಡುಗೆ ಎಂದು ಭಾವಿಸೋಣ. ಪ್ರೊಸೆಸರ್ ಎಂಬುದು ಬಾಣಸಿಗ. ಕೂಡುವುದು, ಕಳೆಯುವುದು, ಹೋಲಿಸುವುದು ಎಲ್ಲ ಅವನದೇ. ಕಣಜವೇ ಡಿಸ್ಕ್, ದಿನಸಿಯೆಲ್ಲ ಅಲ್ಲಿ ಶಾಶ್ವತವಾಗಿ ಇರುತ್ತದೆ. ಬಾಣಸಿಗನ ಕೈಯಳತೆಯ ಕಟ್ಟೆಯೇ ‘ರ‍್ಯಾಮ್’ ಎನ್ನುವ ಮೆಮೊರಿ. ಈಗ ಬೇಕಾದ ಸಾಮಾನು ಮಾತ್ರ ಕಟ್ಟೆಯ ಮೇಲಿರುತ್ತದೆ. ವಿದ್ಯುತ್ತು ಹೋದರೆ ಕಟ್ಟೆ ಖಾಲಿ, ಕಣಜಕ್ಕೆ ಮಾತ್ರ ಏನೂ ಆಗುವುದಿಲ್ಲ. ಕಟ್ಟೆ ಕಿರಿದಾದರೆ ಬಾಣಸಿಗ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ. ಒಂದು ಹಿಡಿ ಉಪ್ಪಿಗೂ ಅವನು ಕಣಜಕ್ಕೆ ಓಡಬೇಕು. ಓಡಿ ಬರುವವರೆಗೆ ಒಲೆ ಸುಮ್ಮನೆ ಉರಿಯಬೇಕು. ನಾವು ‘ಕಂಪ್ಯೂಟರ್ ನಿಧಾನ’ ಎನ್ನುವುದು ಬಹುಪಾಲು ಈ ಓಟವನ್ನೇ.

ನನ್ನ ಯಂತ್ರದಲ್ಲಿ ಕಟ್ಟೆಯೂ ಕಿರಿದು, ಕಣಜವೂ ಹಳೆಯದು. ಮೆಮೊರಿ ೪ ಜಿ.ಬಿ.; ಡಿಸ್ಕು ತಿರುಗುವ ಜಾತಿಯದು. ಈ ಜಾತಿಯ ಮೂಲಪುರುಷ ೧೯೫೬ರಲ್ಲಿ ಐ.ಬಿ.ಎಂ. ಹೊರತಂದದ್ದು. ಎರಡು ಅಡಿ ಅಗಲದ ೫೦ ತಟ್ಟೆಗಳು, ಒಂದು ಟನ್ನಿನಷ್ಟು ತೂಕ. ಹಿಡಿಯುತ್ತಿದ್ದುದು ಸುಮಾರು ೫ ಎಂ.ಬಿ., ಅಂದರೆ ಈಗಿನ ಮೊಬೈಲಿನ ಒಂದೆರಡು ಛಾಯಾಚಿತ್ರ! ತಟ್ಟೆ ಅಂಗೈಗೆ ಇಳಿದರೂ ರೀತಿ ಬದಲಾಗಲಿಲ್ಲ. ನನ್ನ ಯಂತ್ರದ ತಟ್ಟೆ ನಿಮಿಷಕ್ಕೆ ೫,೪೦೦ ಸುತ್ತು ಸುತ್ತುತ್ತದೆ. ಅದರ ಮೇಲೆ ಒಂದು ಮುಳ್ಳು ಅತ್ತಿಂದಿತ್ತ ಓಡಾಡಿ ಬೇಕಾದುದನ್ನು ಹುಡುಕುತ್ತದೆ. ಈಗಿನ ‘ಎಸ್.ಎಸ್.ಡಿ.’ಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಓಡಾಟವೂ ಇಲ್ಲ. ಹಾಗಾಗಿ ಹಳೆಯ ಡಿಸ್ಕನ್ನು ತೆಗೆದು ಇದನ್ನು ಹಾಕಿದರೆ ಮುದಿಯಂತ್ರವೂ ಮೈಕೊಡವಿ ಏಳುತ್ತದೆ.

ನಮ್ಮ ಸಹಪಾಠಿಗಳಿಗೆ ಉಪಯೋಗವಾದೀತೆಂದು ಅವನ ಪರೀಕ್ಷಾಕ್ರಮವನ್ನು ಇಲ್ಲಿ ಹೇಳಿಬಿಡುತ್ತೇನೆ. ಯಂತ್ರ ನಿಧಾನವಾದಾಗ ‘ಟಾಸ್ಕ್ ಮ್ಯಾನೇಜರ್’ ತೆರೆದು ನೋಡುವುದು. ಮೆಮೊರಿ ಸದಾ ತುಂಬಿರುವುದು ಕಂಡರೆ ಮೆಮೊರಿ ಹೆಚ್ಚಿಸಿ. ಡಿಸ್ಕಿನ ಲೆಕ್ಕ ನೂರಕ್ಕೆ ನೂರು ತೋರಿಸುತ್ತಿದ್ದರೆ ಡಿಸ್ಕು ಬದಲಾಯಿಸಿ. ಇವೆರಡೂ ಸರಿಯಿದ್ದು ಪ್ರೊಸೆಸರೇ ಏದುಸಿರು ಬಿಡುತ್ತಿದ್ದರೆ ಫ್ಯಾನಿನ ಧೂಳು ತೆಗೆಯಿಸಿ. ಬಿಸಿ ಏರಿದರೆ ಸುಟ್ಟುಹೋಗದಿರಲೆಂದು ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಈ ಮೂರನ್ನೂ ಮಾಡಿದ ಮೇಲೂ ಆಗದಿದ್ದರೆ ಮಾತ್ರ ಹೊಸದರ ಮಾತು. ಇನ್ನೊಂದು ಮಾತನ್ನು ಅವನು ಮಂತ್ರದಂತೆ ಹೇಳುತ್ತಾನೆ: “ಯಂತ್ರ ಸತ್ತರೆ ಇನ್ನೊಂದು ತರಬಹುದು, ಕಡತ ಸತ್ತರೆ ತರೋಕಾಗಲ್ಲ.” ಆದುದರಿಂದ ಬರೆದದ್ದೆಲ್ಲದರ ಇನ್ನೊಂದು ಪ್ರತಿ ಬೇರೆಡೆ ಇರಬೇಕು. ಪ್ರಬಂಧ ಸಲ್ಲಿಸುವ ಹಿಂದಿನ ದಿನ ಅತ್ತವರಿಗೆ ಈ ಮಾತಿನ ಬೆಲೆ ಗೊತ್ತು.

ಎರಡನೆಯದು ಆಟವನ್ನು ಕುರಿತ ಅಭಿಪ್ರಾಯ. ಅಣ್ಣನಿಗೆ ಕಂಪ್ಯೂಟರ್ ಆಟವೆಂದರೆ ಪ್ರಾಣ. ಅಪ್ಪನಿಗೆ ಆಟವೆಂದರೆ ಜೂಜು. ಅಪ್ಪನನ್ನು ತಪ್ಪೆನ್ನಲಾರೆ. ನಮ್ಮ ಊರಿನ ಹುಡುಗನೊಬ್ಬ ಮೊಬೈಲಿನ ಇಸ್ಪೀಟಾಟಕ್ಕೆ ಸಂಘದ ಸಾಲವನ್ನೆಲ್ಲ ಸುರಿದು, ಈಗ ಅವರಮ್ಮ ಕೂಲಿ ಮಾಡಿ ವಾರದ ಕಂತು ತೀರಿಸುತ್ತಿದ್ದಾಳೆ. “ಅದು ಆಟ ಅಲ್ಲಪ್ಪಾ, ಆಟದ ವೇಷ ಹಾಕಿದ ಅಂಗಡಿ” ಎಂದು ಅಣ್ಣ ಅಪ್ಪನಿಗೆ ಬಿಡಿಸಿ ಹೇಳಿದ. ಈ ಭೇದವನ್ನು ಗುರುತಿಸಲು ನಮ್ಮ ಶಾಸನಕರ್ತರೂ ಕಷ್ಟಪಟ್ಟಿದ್ದಾರೆ. ಕರ್ನಾಟಕವು ೨೦೨೧ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ನಿಷೇಧದ ಕಲಮುಗಳನ್ನು ರದ್ದುಪಡಿಸಿತು. ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿ, ಹಣದ ಆಟಗಳನ್ನು ಒಂದು ಕಡೆಗೂ ಇ-ಕ್ರೀಡೆಗಳನ್ನು ಇನ್ನೊಂದು ಕಡೆಗೂ ವಿಂಗಡಿಸಿ, ಮೊದಲನೆಯದನ್ನು ನಿಷೇಧಿಸಿತು. ಅಣ್ಣ ಜಗುಲಿಯ ಮೇಲೆ ಮಾಡಿದ ವಿಂಗಡಣೆಯೂ ಅದೇ ಆಗಿತ್ತು.

ಇನ್ನು ನಿಜವಾದ ಆಟಗಳ ವಿಚಾರ. ಅವು ಕಾಲಹರಣವಷ್ಟೇ ಎಂದು ನಾನು ತಿಳಿದಿದ್ದೆ. ಆದರೆ ಯಂತ್ರದ ಚರಿತ್ರೆಯನ್ನು ಓದಿದರೆ ಆಟಗಾರರ ಉಪಕಾರ ದೊಡ್ಡದು. ೧೯೬೨ರಲ್ಲಿ ಅಮೆರಿಕದ ಎಂ.ಐ.ಟಿ.ಯ ತರುಣರು, ಬೀರುವಿನ ಗಾತ್ರದ ಪಿ.ಡಿ.ಪಿ.-೧ ಯಂತ್ರದ ಮೇಲೆ ‘ಸ್ಪೇಸ್‌ವಾರ್’ ಎಂಬ ಆಟವನ್ನು ಕಟ್ಟಿದರು. ೧೯೭೨ರಲ್ಲಿ ‘ಪಾಂಗ್’ ಬಂದು ಆಟವನ್ನು ಬೀದಿಗೆ ತಂದಿತು. ಮುಂದೆ ಚಿತ್ರಗಳು ಸ್ಫುಟವಾದಂತೆಲ್ಲ ಬಾಣಸಿಗನೊಬ್ಬನಿಂದ ಅಡುಗೆ ಸಾಗದಾಯಿತು. ಏಕೆಂದು ಲೆಕ್ಕ ಹಾಕೋಣ. ಸಾಧಾರಣ ಪರದೆಯೊಂದರಲ್ಲಿ ಅಡ್ಡಲಾಗಿ ೧,೯೨೦, ಉದ್ದಕ್ಕೆ ೧,೦೮೦ ಚುಕ್ಕೆಗಳಿರುತ್ತವೆ, ಒಟ್ಟು ೨೦,೭೩,೬೦೦. ಆಟ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ ೬೦ ಸಲ ಚಿತ್ರ ಬದಲಾಗಬೇಕು. ಅಂದರೆ ಸೆಕೆಂಡಿಗೆ ೧೨ ಕೋಟಿಗೂ ಮಿಕ್ಕಿದ ಚುಕ್ಕೆಗಳಿಗೆ ಬಣ್ಣ ನಿರ್ಧಾರವಾಗಬೇಕು! ಒಂದೊಂದು ಲೆಕ್ಕವೂ ಸುಲಭವೇ, ಆದರೆ ಸಂಖ್ಯೆ ಅಪಾರ. ಇದಕ್ಕೆ ಒಬ್ಬ ಮಹಾಪಂಡಿತ ಬೇಡ. ಸಾಲಾಗಿ ನಿಂತ ಸಾವಿರ ಕೈ ಬೇಕು. ಗದ್ದೆಯ ನಾಟಿಯನ್ನು ನೆನೆಯಿರಿ. ಒಬ್ಬ ಜಟ್ಟಿ ಎಷ್ಟೇ ಬಲಶಾಲಿಯಾದರೂ, ಸಾಲು ಹಿಡಿದು ಬಗ್ಗಿದ ಮೂವತ್ತು ಹೆಂಗಸರು ಒಂದು ಹೊತ್ತಿನಲ್ಲಿ ಮುಗಿಸುವ ನಾಟಿಯನ್ನು ಅವನು ಮುಗಿಸಲಾರ. ಹಾಗೆ ನಾಟಿಯ ಆಳುಗಳಂತೆ ದುಡಿಯುವ ಚಿಪ್ಪಿಗೆ ‘ಜಿ.ಪಿ.ಯು.’ ಎಂದು ಹೆಸರು. ೧೯೯೩ರಲ್ಲಿ ಪ್ರಾರಂಭವಾದ ಎನ್‌ವಿಡಿಯಾ ಕಂಪೆನಿ ೧೯೯೯ರಲ್ಲಿ ತನ್ನ ‘ಜೀಫೋರ್ಸ್ ೨೫೬’ ಅನ್ನು ಈ ಹೆಸರಿನಲ್ಲೇ ಪ್ರಚಾರಮಾಡಿ ಮಾರಿತು. ಕೊಂಡವರು ಯಾರು? ಆಟವಾಡುವ ಹುಡುಗರು.

ಕಥೆಯ ತಿರುವು ಇಲ್ಲಿದೆ. ೨೦೧೨ರಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಹಿಂಟನ್ ಅವರೂ ಅವರ ಇಬ್ಬರು ಶಿಷ್ಯರೂ, ಚಿತ್ರಗಳನ್ನು ನೋಡಿ ‘ಇದು ಬೆಕ್ಕು, ಇದು ನಾಯಿ’ ಎಂದು ಗುರುತಿಸುವ ವಿದ್ಯೆಯನ್ನು ಯಂತ್ರಕ್ಕೆ ಕಲಿಸಿ ಸ್ಪರ್ಧೆಯೊಂದನ್ನು ಗೆದ್ದರು. ಅವರು ಬಳಸಿದ್ದು ಆಟಗಾರರಿಗೆಂದು ಅಂಗಡಿಯಲ್ಲಿ ಮಾರುತ್ತಿದ್ದ ಎರಡು ಕಾರ್ಡುಗಳನ್ನು! ಕೃತಕ ಬುದ್ಧಿಮತ್ತೆಯ ಲೆಕ್ಕವೂ ನಾಟಿಯ ಜಾತಿಯದೇ. ಸುಲಭವಾದ ಗುಣಾಕಾರ, ಆದರೆ ಅಸಂಖ್ಯಾತ. ಹಿಂಟನ್ ಅವರಿಗೆ ೨೦೨೪ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಹಂಚಿಕೆಯಾಯಿತು. ಇಂದು ಜಗತ್ತೇ ಮಾತಾಡುತ್ತಿರುವ ಈ ವಿದ್ಯೆಯ ಯಂತ್ರಕ್ಕೆ ಮೊದಲ ಬಂಡವಾಳ ಹಾಕಿದವರು, ಹೆತ್ತವರಿಂದ ಬೈಸಿಕೊಳ್ಳುತ್ತ ಆಟವಾಡಿದ ಹುಡುಗರು ಎಂದರೆ ಅತಿಶಯೋಕ್ತಿಯಾಗಲಾರದು.

ಮೂರನೆಯದು ರಾಜಕಾರಣ. ಇದು ನನ್ನ ಪಠ್ಯವಿಷಯವಾದ್ದರಿಂದ ಇಲ್ಲಿಯಾದರೂ ಅಣ್ಣನನ್ನು ಸೋಲಿಸೋಣವೆಂದು ನಾನು ಸಿದ್ಧಳಾದೆ. ಅವನು ಬಿಚ್ಚಿದ ಯಂತ್ರದ ಹಸಿರು ಹಲಗೆಯ ಮೇಲೆ ಬೆರಳಿಟ್ಟು, “ನಿನ್ನ ರಾಜ್ಯಶಾಸ್ತ್ರ ವಿಧಾನಸೌಧದಲ್ಲಿ ಮಾತ್ರ ಇಲ್ಲ ಕಣೇ, ಇಲ್ಲೂ ಇದೆ” ಎಂದ. ವಿಚಾರಿಸಿ ನೋಡಿದರೆ ಮಾತು ಸುಳ್ಳಲ್ಲ. ಅತ್ಯಾಧುನಿಕ ಚಿಪ್ಪುಗಳಲ್ಲಿ ಬಹುಪಾಲು ಅಮೆರಿಕದಲ್ಲಿ ರೂಪುಗೊಳ್ಳುತ್ತವೆ. ತಯಾರಾಗುವುದು ತೈವಾನಿನಲ್ಲಿ, ೧೯೮೭ರಲ್ಲಿ ಮಾರಿಸ್ ಚಾಂಗ್ ಸ್ಥಾಪಿಸಿದ ಟಿ.ಎಸ್.ಎಂ.ಸಿ.ಯಲ್ಲಿ. ಅವನ್ನು ಕೊರೆಯಲು ಬೇಕಾದ ಅತಿಸೂಕ್ಷ್ಮ ಬೆಳಕಿನ ಯಂತ್ರವನ್ನು ಮಾಡುವುದು ನೆದರ್ಲೆಂಡ್ಸಿನ ಎ.ಎಸ್.ಎಂ.ಎಲ್. ಕಂಪೆನಿಯೊಂದೇ. ಮೂರು ದೇಶ ಸೇರಿದರೆ ಒಂದು ಚಿಪ್ಪು. ಒಂದು ದೇಶ ಮುನಿದರೆ ಇನ್ನೊಂದು ದೇಶಕ್ಕೆ ಅದಿಲ್ಲ. ೨೦೨೨ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಉನ್ನತ ದರ್ಜೆಯ ಚಿಪ್ಪುಗಳು ಚೀನಕ್ಕೆ ಹೋಗದಂತೆ ಕಟ್ಟುಪಾಡು ಮಾಡಿತು. ಆಟಕ್ಕಾಗಿ ಹುಟ್ಟಿದ ವಸ್ತು ಹತ್ತು ವರ್ಷದಲ್ಲಿ ತೋಪು ಬಂದೂಕುಗಳ ಪಟ್ಟಿಗೆ ಸಮನಾಯಿತು.

ನಮ್ಮ ದೇಶಕ್ಕೂ ಈ ಅನುಭವ ಹೊಸದಲ್ಲ. ೧೯೮೦ರ ದಶಕದಲ್ಲಿ ನಾವು ಕೇಳಿದ ದರ್ಜೆಯ ಮಹಾಗಣಕವನ್ನು ಅಮೆರಿಕ ಕೊಡಲೊಪ್ಪದೆ, ಹವಾಮಾನದ ಮುನ್ಸೂಚನೆಗೆಂದು ಕೆಳದರ್ಜೆಯದನ್ನು ಕೊಟ್ಟಿತು. ಆಗ ಪುಣೆಯಲ್ಲಿ ಸಿ-ಡ್ಯಾಕ್ ಎಂಬ ಸಂಸ್ಥೆ ಹುಟ್ಟಿ, ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ ೧೯೯೧ರಲ್ಲಿ ‘ಪರಂ ೮೦೦೦’ ಸಿದ್ಧವಾಯಿತು. ಅದರ ಗುಟ್ಟೂ ನಾಟಿಯದೇ: ಹಲವು ಸಾಮಾನ್ಯ ಪ್ರೊಸೆಸರುಗಳನ್ನು ಸಾಲುಗೂಡಿಸಿ ಒಟ್ಟಿಗೆ ದುಡಿಸುವುದು. ಚಿಪ್ಪಿನಲ್ಲಿ ಮಾತ್ರ ನಾವು ಹಿಂದುಳಿದೆವು. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ ೧೯೮೯ರಲ್ಲಿ ಬೆಂಕಿಗೆ ತುತ್ತಾಯಿತು. ಮತ್ತೆ ದೊಡ್ಡ ಪ್ರಯತ್ನವೆಂದರೆ ೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ೭೬,೦೦೦ ಕೋಟಿ ರೂಪಾಯಿಯ ಯೋಜನೆ.

ಇಲ್ಲಿ ಅಣ್ಣನಿಗೂ ನನಗೂ ವಾದ ಹತ್ತಿತು. ೨೦೨೩ರ ಆಗಸ್ಟಿನಲ್ಲಿ ಲ್ಯಾಪ್‌ಟಾಪುಗಳ ಆಮದಿಗೆ ಪರವಾನಗಿ ಬೇಕೆಂದು ಕೇಂದ್ರ ಆಜ್ಞೆ ಹೊರಡಿಸಿ, ಬಳಿಕ ಅದನ್ನು ಸಡಿಲಿಸಿತು. “ಪರವಾನಗಿ ಅಂದ್ರೆ ಬೆಲೆ ಏರೋದು ಬಡವರ ಮಕ್ಕಳಿಗೆ” ಎಂದು ಅಣ್ಣನ ಪಕ್ಷ. “ಕೊಡೆನೆಂದಾಗಲೇ ಅಲ್ಲವೆ ಪರಂ ಹುಟ್ಟಿದ್ದು? ಯಾವಾಗಲೂ ಕೊಂಡು ತಿನ್ನುವವನು ಅಡುಗೆ ಕಲಿಯುವುದೆಂದು?” ಎಂದು ನನ್ನ ಪಕ್ಷ. ಅಪ್ಪ ಮಾತ್ರ, “ಇಬ್ರೂ ಸೇರಿ ಮೊದ್ಲು ಇದನ್ನ ಓಡಿಸ್ರಪ್ಪ” ಎಂದು ತೀರ್ಪು ಕೊಟ್ಟರು. ವಾದ ಮುಗಿಯಲಿಲ್ಲ, ಈಗಲೂ ನಾನು ನನ್ನ ಪಕ್ಷವನ್ನು ಬಿಟ್ಟಿಲ್ಲ. ಆದರೆ ಬೆಲೆಯ ವಿಷಯದಲ್ಲಿ ಅವನ ಭಯ ಸುಳ್ಳಲ್ಲವೆಂದು ತಿಳಿಯಲು ಬಹಳ ದಿನ ಬೇಕಾಗಲಿಲ್ಲ.

ಅಣ್ಣ ತಂದಿದ್ದು ಒಂದು ಎಸ್.ಎಸ್.ಡಿ., ಮತ್ತು ಬಳಸಿದ್ದ ೮ ಜಿ.ಬಿ. ಮೆಮೊರಿಯ ಒಂದು ಪಟ್ಟಿ. ಎರಡೂ ಸೇರಿ ಮೂರು ಸಾವಿರದ ಇನ್ನೂರು ರೂಪಾಯಿ. ಜನವರಿಯಲ್ಲಿ ನನ್ನ ಗೆಳತಿಗೂ ಅಂತಹುದೇ ಪಟ್ಟಿ ಬೇಕೆಂದು ಕೇಳಿದರೆ, ಬೆಲೆ ಎರಡರಷ್ಟಕ್ಕೂ ಮೀರಿದೆಯೆಂದು ಅವನು ಫೋನಿನಲ್ಲಿ ಹೇಳಿದ. ಕಾರಣವೇನು? ಕೃತಕ ಬುದ್ಧಿಮತ್ತೆಯ ಮಹಾಗೃಹಗಳು ಜಗತ್ತಿನ ಮೆಮೊರಿಯನ್ನೆಲ್ಲ ಹೀರಿಕೊಳ್ಳುತ್ತಿವೆ. ೨೦೨೫ರ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿ, ಸಾಮಾನ್ಯ ಗ್ರಾಹಕರಿಗೆ ತಾನು ಮಾರುತ್ತಿದ್ದ ‘ಕ್ರೂಷಿಯಲ್’ ಹೆಸರಿನ ವ್ಯಾಪಾರವನ್ನೇ ಬಿಡುವುದಾಗಿ ಸಾರಿತು. ಟೊರಾಂಟೊದಲ್ಲಿ ಎರಡು ಆಟದ ಕಾರ್ಡುಗಳಿಂದ ಹೊರಟ ತೊರೆ, ಹೀಗೆ ಹರಿದು ಬಂದು ನಮ್ಮ ಹೋಬಳಿಯ ವಿದ್ಯಾರ್ಥಿನಿಯ ಕೈಚೀಲವನ್ನು ತೋಯಿಸಿತು! ರಾಜಕಾರಣ ಹಸಿರು ಹಲಗೆಯ ಮೇಲಿದೆ ಎಂದ ಅಣ್ಣನ ಮಾತಿಗೆ ಇದಕ್ಕಿಂತ ಪ್ರಮಾಣ ಬೇಕೆ?

ಇನ್ನು ಉಳಿದದ್ದು ವಿಂಡೋಸಿನ ಪ್ರಶ್ನೆ. ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ರಕ್ಷಣೆಯ ಭಾಗವೂ, ಒಂದು ಗೊತ್ತಾದ ಪೀಳಿಗೆಯ ನಂತರದ ಪ್ರೊಸೆಸರೂ ಬೇಕು. ಕಳ್ಳಕಾಕರಿಂದ ಯಂತ್ರವನ್ನು ಕಾಪಾಡಲು ಈ ನಿಯಮವೆಂದು ತಯಾರಕರು ಹೇಳುವುದರಲ್ಲಿ ಹುರುಳಿದೆ. ಹಳೆಯ ವಿಂಡೋಸಿನಲ್ಲೇ ಇರುವವರಿಗೆ ೨೦೨೬ರ ಅಕ್ಟೋಬರ್‌ವರೆಗೆ ರಕ್ಷಣೆಯ ಪರಿಷ್ಕರಣೆ ಪಡೆಯುವ ದಾರಿಯನ್ನೂ ಅವರು ಇಟ್ಟಿದ್ದಾರೆ. ಆದರೆ ಆ ಮೇಲೆ? ಅಣ್ಣ ಲಿನಕ್ಸ್ ಹಾಕಿಕೊಟ್ಟ. ಫಿನ್‌ಲೆಂಡಿನ ಲೀನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ, ಹೆಚ್ಚುಕಡಿಮೆ ನಮ್ಮ ವಯಸ್ಸಿನವನಾಗಿದ್ದಾಗ, ೧೯೯೧ರಲ್ಲಿ ಇದರ ತಿರುಳನ್ನು ಬರೆದು ಎಲ್ಲರಿಗೂ ತೆರೆದಿಟ್ಟ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ಇದರ ಮೇಲೆಯೇ ನಡೆಯುತ್ತಿವೆ. ಇದರಲ್ಲಿ ನಮ್ಮ ಕ.ಗ.ಪ. ಕೀಲಿಮಣೆಯೂ ಇದೆ, ಈ ಲೇಖನವನ್ನು ಅದರಲ್ಲೇ, ಆ ‘ಅನರ್ಹ’ ಯಂತ್ರದಲ್ಲೇ ಬೆರಳಚ್ಚಿಸಿದ್ದೇನೆ. ಮೊದಲ ವಾರ ಎಲ್ಲ ಹೊಸದಾಗಿ ಕಂಡು ನಾನು ಗೊಣಗಿದ್ದೂ ನಿಜ. ಈಗ ಹಾಲು ಉಕ್ಕುವುದಿರಲಿ, ಒಲೆಗೆ ಇಡುವ ಮೊದಲೇ ಅದು ಸಿದ್ಧವಾಗಿರುತ್ತದೆ.

ನಾನು ಕಲಿತದ್ದು ಇಷ್ಟೆ. ಯಂತ್ರ ಮುದಿಯಾಯಿತು ಎಂದು ನಮಗೆ ಯಾರಾದರೂ ಹೇಳಿದಾಗ, ಅದು ನಿಜವಾಗಿ ಕೆಟ್ಟಿದೆಯೋ, ಕೆಟ್ಟಿದೆಯೆಂದು ಎಲ್ಲೋ ಯಾರೋ ತೀರ್ಮಾನಿಸಿದ್ದಾರೋ ಎಂದು ಕೇಳಬೇಕು. ಎರಡಕ್ಕೂ ಮದ್ದು ಬೇರೆ. ಮುಚ್ಚಳ ತೆಗೆದು ನೋಡದವನಿಗೆ ಈ ಭೇದ ತಿಳಿಯದು. ತಿಳಿಯದವನು ಪ್ರತಿ ಸಲವೂ ಹಸು ಮಾರಬೇಕಾಗುತ್ತದೆ. ಕಲಾವಿಭಾಗದವರಿಗೆ ಯಂತ್ರದ ಗೊಡವೆ ಏಕೆಂದು ಸುಮ್ಮನಿದ್ದರೆ, ನಾವು ಓದುವ ರಾಜ್ಯಶಾಸ್ತ್ರವೇ ಅರ್ಧವಾದಂತೆ.

ನಮ್ಮ ಕಾಲೇಜಿನ ಗಣಕಕೊಠಡಿಯ ಹಿಂದಿನ ಸಾಲಿನಲ್ಲಿಯೂ ಕೆಲವು ಯಂತ್ರಗಳು ಬಟ್ಟೆ ಹೊದ್ದು ಮಲಗಿವೆ. ಅವನ್ನು ಗುಜರಿಗೆ ಕಳಿಸುವ ಮೊದಲು ಒಂದು ದಿನ ಮುಚ್ಚಳ ತೆಗೆದು ನೋಡಲು ನಮಗೆ ಅವಕಾಶ ಕೊಡಬೇಕೆಂದು ಪೂಜ್ಯ ಪ್ರಾಂಶುಪಾಲರಲ್ಲಿಯೂ ಗುರುವೃಂದದಲ್ಲಿಯೂ ವಿನಮ್ರಳಾಗಿ ಬೇಡಿಕೊಳ್ಳುತ್ತೇನೆ. ರಜೆ ಹಾಕಿ ಬಂದು ತೋರಿಸಿಕೊಡಲು ಅಣ್ಣ ಒಪ್ಪಿದ್ದಾನೆ. “ನಂಗೆ ಡಿಗ್ರಿ ಇಲ್ಲ, ಕಾಲೇಜಿನೊಳಗೆ ಬಿಡ್ತಾರೇನೇ?” ಎಂದಷ್ಟೇ ಅವನು ಕೇಳಿದ್ದು. ನಗುತ್ತಲೇ ಕೇಳಿದ. ನನಗೆ ಮಾತ್ರ ನಗು ಬರಲಿಲ್ಲ.

ಹಸು ಸಂಕ್ರಾಂತಿಗೆ ಮುಂಚೆ ಕರು ಹಾಕಿತು. ಹೆಣ್ಣುಗರು.